ಜರ್ಮನ್ ಸರ್ಕಾರಿ ಕಚೇರಿ ‘ಒಪ್ಪಂದ’ ಮುಂದಿಟ್ಟಾಗ: ಸಹಿಗೆ ಮುನ್ನ ಎಂಟು ಹಂತಗಳು

ಜರ್ಮನಿಯಲ್ಲಿ ಮನೆ ಕಟ್ಟಿಸುವವರು, ಅಂಗಡಿ ತೆರೆಯುವವರು, ಹಳೆಯ ಕಟ್ಟಡ ಕೊಂಡವರು ನನಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಪರವಾನಗಿಗೆ ಅರ್ಜಿ ಹಾಕಿದ್ದೆ. ಪರವಾನಗಿಯ ಬದಲು ಆರೇಳು ಪುಟದ ಒಪ್ಪಂದ ಬಂದಿದೆ. ಸಹಿ ಹಾಕಲೇ?’ ಜೊತೆಗೆ ಕೊನೆಯ ಪುಟದ ಫೋಟೊ. ಕೊನೆಯ ಪುಟದಲ್ಲಿ ಸಹಿಯ ಗೆರೆಯಷ್ಟೇ ಇರುತ್ತದೆ. ನೋಡಬೇಕಾದದ್ದೆಲ್ಲ ನಡುವಿನ ಪುಟಗಳಲ್ಲಿ.

ಆ ಕಾಗದದ ಜರ್ಮನ್ ಹೆಸರು ‘ಓಫೆಂಟ್‌ಲಿಷ್-ರೆಷ್ಟ್‌ಲಿಷರ್ ಫೆರ್‌ಟ್ರಾಗ್’, ಅಂದರೆ ಸಾರ್ವಜನಿಕ ಕಾನೂನಿನ ಒಪ್ಪಂದ. ಕಚೇರಿ ತಾನೊಬ್ಬನೇ ಆದೇಶ ಹೊರಡಿಸಿ ಮುಗಿಸಬಹುದಾಗಿದ್ದ ವಿಷಯವನ್ನು ನಿಮ್ಮೊಡನೆ ಕರಾರು ಮಾಡಿಕೊಂಡು ತೀರ್ಮಾನಿಸುವ ವಿಧಾನ ಇದು. ಇಂಥದ್ದು ಸಾಧ್ಯವೇ ಇಲ್ಲ ಎಂದು ವಾದಿಸಿದವರೂ ಇದ್ದರು. ಜರ್ಮನ್ ಆಡಳಿತ ಕಾನೂನಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಒಟ್ಟೊ ಮೇಯರ್, ಆಳುವ ಪ್ರಭುತ್ವಕ್ಕೂ ಆಳಿಸಿಕೊಳ್ಳುವ ಪ್ರಜೆಗೂ ನಡುವೆ ನಿಜವಾದ ಒಪ್ಪಂದ ಎಂಬುದು ಊಹೆಗೂ ನಿಲುಕದು ಎಂದು 1888ರಲ್ಲಿ ಬರೆದಿದ್ದರು. ಆಚರಣೆ ಅವರ ಮಾತು ಕೇಳಲಿಲ್ಲ. ಕೊನೆಗೆ 1976ರ ಮೇ 25ರ ಆಡಳಿತ ವಿಧಾನ ಕಾಯ್ದೆ ತನ್ನ 54ರಿಂದ 62ರವರೆಗಿನ ಕಲಮುಗಳಲ್ಲಿ ಈ ಒಪ್ಪಂದಕ್ಕೆ ಜಾಗ ಕೊಟ್ಟಿತು. ಕಾಯ್ದೆ ಜಾರಿಗೆ ಬಂದದ್ದು 1977ರ ಜನವರಿ 1ರಂದು. ರಾಜ್ಯಗಳಿಗೂ ತಮ್ಮದೇ ಆಡಳಿತ ವಿಧಾನ ಕಾಯ್ದೆಗಳಿವೆ. ಒಪ್ಪಂದದ ಮಟ್ಟಿಗೆ ನಿಯಮಗಳು ಬಹುಪಾಲು ಒಂದೇ ಆಗಿರುವುದರಿಂದ ಇಲ್ಲಿ ಕೇಂದ್ರ ಕಾಯ್ದೆಯ ಕಲಂ ಸಂಖ್ಯೆಗಳನ್ನೇ ಕೊಡುತ್ತೇನೆ.

ಮುಂದಿನದ್ದನ್ನೆಲ್ಲ ಓದುವ ಮೊದಲು ಒಂದು ವಿಷಯ ತಿಳಿದಿರಲಿ. ತಪ್ಪು ಆದೇಶ ಬಂದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು, ಕೆಲವು ರಾಜ್ಯಗಳಲ್ಲಿ ನೇರವಾಗಿ ದಾವೆ ಹೂಡಬಹುದು. ತಪ್ಪು ಒಪ್ಪಂದಕ್ಕೆ ಆ ಬಾಗಿಲು ಇಲ್ಲ. ಒಪ್ಪಂದ ಕಾನೂನಿಗೆ ಹೊಂದದೇ ಇದ್ದರೂ, 59ನೇ ಕಲಂ ಪಟ್ಟಿ ಮಾಡಿರುವ ಕೆಲವೇ ಕಾರಣಗಳಿಂದ ಅದು ಶೂನ್ಯ, ಅಂದರೆ ಮಾಡಿಕೊಂಡೇ ಇಲ್ಲದಂತೆ, ಆಗದ ಹೊರತು ನಿಮ್ಮನ್ನು ಕಟ್ಟಿಹಾಕಿಯೇ ಇರುತ್ತದೆ. ನಮ್ಮವರು ಇದನ್ನು ಅರ್ಜಿ ನಮೂನೆಯ ಹಾಗೆ ತುಂಬಿ ಕಳುಹಿಸಿಬಿಡುತ್ತಾರೆ ಎಂಬುದೇ ನನ್ನ ತಕರಾರು.

ಕೈಯಲ್ಲಿ ಇಟ್ಟುಕೊಳ್ಳಬೇಕಾದದ್ದು: ಕರಡಿನ ಎಲ್ಲ ಪುಟಗಳು, ಅದರಲ್ಲಿ ಹೆಸರಿಸಿದ ನಕ್ಷೆ ಮತ್ತು ಅನುಬಂಧಗಳು, ನಿಮ್ಮ ಮೂಲ ಅರ್ಜಿ, ಕಚೇರಿಯೊಡನೆ ನಡೆದ ಪತ್ರವ್ಯವಹಾರ, ಕರಡು ಉಲ್ಲೇಖಿಸುವ ಸ್ಥಳೀಯ ಉಪವಿಧಿ. ಈ ಕೊನೆಯದಕ್ಕೆ ‘ಝಾಟ್ಸುಂಗ್’ ಎನ್ನುತ್ತಾರೆ. ಊರಿನ ಜಾಲತಾಣದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಜರ್ಮನ್ ಅಷ್ಟಾಗಿ ಬಾರದಿದ್ದರೆ ಅನುವಾದ ಮಾಡಿಸಿಕೊಳ್ಳಿ, ಆದರೆ ಆಡಳಿತ ಭಾಷೆ ಜರ್ಮನ್ ಎಂದು 23ನೇ ಕಲಂ ಹೇಳುತ್ತದೆ. ನೀವು ಸಹಿ ಹಾಕುವುದು ಜರ್ಮನ್ ಪಠ್ಯಕ್ಕೆ.

1. ಕಾಗದ ಯಾವ ಜಾತಿಯದೆಂದು ಗುರುತಿಸಿ

ತಲೆಬರಹ ನಂಬಬೇಡಿ. ನಾಲ್ಕು ಬಗೆಯ ಕಾಗದಗಳು ದೂರದಿಂದ ಒಂದೇ ಥರ ಕಾಣುತ್ತವೆ.

‘ಬೆಶೈಡ್’ ಎಂದಿದ್ದು, ಕೊನೆಯಲ್ಲಿ ಯಾವ ನ್ಯಾಯಾಲಯ ಅಥವಾ ಕಚೇರಿಗೆ ಎಷ್ಟು ದಿನದಲ್ಲಿ ಹೋಗಬೇಕೆಂಬ ಸೂಚನೆ ಇದ್ದರೆ ಅದು ಆದೇಶ. ಅದಕ್ಕೆ ನಿಮ್ಮ ಸಹಿ ಬೇಕಿಲ್ಲ.

ಕಚೇರಿ ನಿಮ್ಮಿಂದ ಕುರ್ಚಿ ಮೇಜು ಕೊಳ್ಳುತ್ತಿದ್ದರೆ, ಅಥವಾ ತನ್ನ ಮಳಿಗೆಯನ್ನು ಬಾಡಿಗೆಗೆ ಕೊಡುತ್ತಿದ್ದರೆ ಅದು ಖಾಸಗಿ ಕಾನೂನಿನ ಸಾಮಾನ್ಯ ಕರಾರು. ಎದುರಿಗಿರುವುದು ಸರ್ಕಾರ ಎಂಬ ಕಾರಣಕ್ಕೆ ಒಪ್ಪಂದ ಸಾರ್ವಜನಿಕ ಕಾನೂನಿನದಾಗುವುದಿಲ್ಲ. ಒಪ್ಪಂದದ ವಿಷಯ ಯಾವ ಕಾನೂನಿಗೆ ಸೇರಿದ್ದು ಎಂಬುದೇ ಅಳತೆಗೋಲು.

ಮೂರನೆಯದು ನಮ್ಮವರು ಅತಿ ಹೆಚ್ಚು ಗೊಂದಲಕ್ಕೆ ಬೀಳುವ ಕಾಗದ. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ ವಿದೇಶೀಯರ ಕಚೇರಿಯಲ್ಲಿ ಸಹಿ ಹಾಕುತ್ತೀರಲ್ಲ, ಆ ‘ಫೆರ್‌ಪ್ಫ್ಲಿಷ್‌ಟುಂಗ್ಸ್‌ಎರ್‌ಕ್ಲೇರುಂಗ್’. ಅತಿಥಿಯ ವಾಸ್ತವ್ಯದ ಖರ್ಚು ತನ್ನದು ಎಂಬ ಈ ಮುಚ್ಚಳಿಕೆ ಒಪ್ಪಂದವೇ ಅಲ್ಲ. ಅದು ವಾಸ್ತವ್ಯ ಕಾಯ್ದೆಯ 68ನೇ ಕಲಮಿನಡಿ ನೀವೊಬ್ಬರೇ ಕೊಡುವ ಘೋಷಣೆ. ವ್ಯತ್ಯಾಸ ಹೆಸರಿನದಷ್ಟೇ ಎಂದುಕೊಳ್ಳಬೇಡಿ: ಅದರ ಹಣವನ್ನು ಕಚೇರಿ ಆದೇಶ ಹೊರಡಿಸಿಯೇ ವಸೂಲು ಮಾಡಬಹುದು. ಈ ಲೇಖನದ ಮುಂದಿನ ಹಂತಗಳು ಅದಕ್ಕೆ ಅನ್ವಯಿಸುವುದಿಲ್ಲ.

ಉಳಿದದ್ದು ನಮ್ಮ ವಿಷಯ. ಇದರಲ್ಲೂ ಎರಡು ಕವಲು. ಎರಡು ಊರುಗಳು ಸೇರಿ ಒಳಚರಂಡಿ ಸಂಸ್ಕರಣೆಗೆ ಮಾಡಿಕೊಳ್ಳುವಂಥದ್ದು ಸಮಾನರ ನಡುವಿನ ಒಪ್ಪಂದ. ಕಚೇರಿ ಆದೇಶದ ಬದಲು ನಾಗರಿಕನೊಡನೆ ಮಾಡಿಕೊಳ್ಳುವುದು ಮೇಲು–ಕೆಳಗಿನ ಸಂಬಂಧದ ಒಪ್ಪಂದ, ‘ಝುಬೊರ್ಡಿನಾಟ್ಸಿಯೋನ್ಸ್‌ಫೆರ್‌ಟ್ರಾಗ್’. ನಿಮ್ಮ ಕೈಗೆ ಬಂದಿರುವುದು ಬಹುತೇಕ ಇದೇ.

2. ಈ ವಿಷಯದಲ್ಲಿ ಒಪ್ಪಂದಕ್ಕೆ ಅವಕಾಶ ಇದೆಯೇ ನೋಡಿ

ಬೇರೆ ಕಾನೂನು ಅಡ್ಡ ಬರದಿದ್ದರೆ ಒಪ್ಪಂದ ಮಾಡಬಹುದು ಎಂಬುದು 54ನೇ ಕಲಮಿನ ನಿಯಮ. ಅಡ್ಡ ಬರುವ ಕಡೆಗಳು ಹಲವು. ಪರೀಕ್ಷೆಯ ಅಂಕ ಕರಾರಿನಿಂದ ನಿಗದಿಯಾಗುವಂಥದ್ದಲ್ಲ. ಸರ್ಕಾರಿ ಅಧಿಕಾರಿಗೆ ಕಾನೂನು ಹೇಳಿದ್ದಕ್ಕಿಂತ ಹೆಚ್ಚು ಸಂಬಳ ಕೊಡುವ ಒಪ್ಪಂದ ನಡೆಯದು. ಸಾಮಾಜಿಕ ನೆರವಿನಲ್ಲಿ ಕಚೇರಿಗೆ ವಿವೇಚನೆ ಇರುವ ಕಡೆ ಮಾತ್ರ ಒಪ್ಪಂದ ಸಾಧ್ಯ, ಅದಕ್ಕೆ ಬೇರೆಯದೇ ಸಂಹಿತೆ ಇದೆ.

ಜಮೀನು ಕೊಳ್ಳುವವರಿಗೆ ಇದರಲ್ಲೊಂದು ಗುಂಡಿ ಇದೆ. ‘ಈಗ ಕೃಷಿ ಜಮೀನು, ಊರಿನವರು ಯೋಜನೆ ಬದಲಿಸಿ ನಿವೇಶನ ಮಾಡಿಕೊಡುತ್ತೇವೆಂದು ಒಪ್ಪಂದದಲ್ಲೇ ಬರೆದುಕೊಡುತ್ತಾರೆ’ ಎಂದು ಯಾರಾದರೂ ಹೇಳಿದರೆ ನಂಬಿ ಮುಂಗಡ ಕೊಡಬೇಡಿ. ಬಳಕೆ ಯೋಜನೆ ತಯಾರಿಸಿಕೊಡಬೇಕೆಂಬ ಹಕ್ಕು ಯಾರಿಗೂ ಇಲ್ಲ, ಒಪ್ಪಂದದಿಂದಲೂ ಅಂಥ ಹಕ್ಕು ಹುಟ್ಟುವುದಿಲ್ಲ ಎಂದು ಕಟ್ಟಡ ಸಂಹಿತೆಯ 1ನೇ ಕಲಮಿನ 3ನೇ ಉಪಕಲಂ ನೇರವಾಗಿಯೇ ಹೇಳುತ್ತದೆ.

3. ರಾಜಿಯೋ ವಿನಿಮಯವೋ ನಿರ್ಧರಿಸಿ

ನಾಗರಿಕರ ಕೈಗೆ ಬರುವ ಒಪ್ಪಂದಗಳಲ್ಲಿ ಎರಡು ಮುಖ್ಯ. 55ನೇ ಕಲಮಿನದು ರಾಜಿ ಒಪ್ಪಂದ, ‘ಫೆರ್‌ಗ್ಲೈಷ್ಸ್‌ಫೆರ್‌ಟ್ರಾಗ್’. ಸಂಗತಿಯಲ್ಲೋ ಕಾನೂನಿನಲ್ಲೋ ನಿಜವಾದ ಅನಿಶ್ಚಿತತೆ ಇರಬೇಕು, ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕು. ನೀವು ಕೊಂಡ ಮನೆಯ ಹಿತ್ತಲಲ್ಲಿ ಹಳೆಯ ಶೆಡ್ ಇದೆ, ಅದರ ಪರವಾನಗಿಯ ಕಡತ ಎಲ್ಲೂ ಸಿಗುತ್ತಿಲ್ಲ ಎಂದುಕೊಳ್ಳೋಣ. ಕಚೇರಿ ಕೆಡವಿ ಎನ್ನುತ್ತದೆ, ನೀವು ಅದು ಹಿಂದೆಯೇ ಕಾನೂನುಬದ್ಧವಾಗಿ ಕಟ್ಟಿದ್ದು ಎನ್ನುತ್ತೀರಿ. ಹತ್ತು ವರ್ಷ ಉಳಿಸಿಕೊಳ್ಳಿ, ಆಮೇಲೆ ನಿಮ್ಮ ಖರ್ಚಿನಲ್ಲೇ ಕೆಡವಿ ಎಂದು ಕೈ ಕುಲುಕಿದರೆ ಅದು ರಾಜಿ. ಆದರೆ ದಾಖಲೆ ಕೊಠಡಿಯಲ್ಲಿ ಒಂದು ಗಂಟೆ ಹುಡುಕಿದರೆ ಕಡತ ಸಿಗುವಂತಿದ್ದರೆ ಅನಿಶ್ಚಿತತೆ ಎಲ್ಲಿಯದು? ಸರಿಯುವವರು ನೀವೊಬ್ಬರೇ ಆಗಿದ್ದರೂ ಅದು ರಾಜಿ ಅಲ್ಲ, ರಾಜಿಯ ವೇಷ.

ಎರಡನೆಯದು 56ನೇ ಕಲಮಿನ ವಿನಿಮಯ ಒಪ್ಪಂದ, ‘ಔಸ್‌ಟೌಷ್‌ಫೆರ್‌ಟ್ರಾಗ್’: ಕಚೇರಿ ಏನನ್ನೋ ಕೊಡುತ್ತದೆ, ನೀವು ಪ್ರತಿಯಾಗಿ ಏನನ್ನೋ ಕೊಡುತ್ತೀರಿ. ಬರುವ ಕಾಗದಗಳಲ್ಲಿ ಹೆಚ್ಚಿನವು ಇವೇ. ಹಾಗಾಗಿ ಮುಂದಿನ ಹಂತಕ್ಕೆ ಹೆಚ್ಚು ಸಮಯ ಕೊಡಿ.

4. ನೀವು ಕೊಡುವ ಪ್ರತಿಫಲವನ್ನು ತೂಗಿ ನೋಡಿ

ಒಂದು ಉದಾಹರಣೆ ಹಿಡಿದೇ ಹೋಗೋಣ. ಬಟ್ಟೆ ಅಂಗಡಿಯಾಗಿದ್ದ ಜಾಗದಲ್ಲಿ ನೀವು ದೋಸೆ ಹೋಟೆಲ್ ತೆರೆಯಬೇಕು. ಬಳಕೆ ಬದಲಾದ್ದರಿಂದ ಸ್ಥಳೀಯ ನಿಯಮದ ಪ್ರಕಾರ ನಾಲ್ಕು ಕಾರು ನಿಲ್ಲಿಸುವ ಜಾಗ ತೋರಿಸಬೇಕು. ಊರ ನಡುವಿನ ಕಟ್ಟಡ, ಹಿಂದೆ ಒಂದು ಸೈಕಲ್ಲಿಗೂ ಜಾಗವಿಲ್ಲ. ಆಗ ಊರಾಡಳಿತ ‘ಶ್ಟೆಲ್‌ಪ್ಲಾಟ್ಸ್‌ಆಬ್‌ಲೋಝೆ’ ಒಪ್ಪಂದ ಮುಂದಿಡುತ್ತದೆ. ಜಾಗದ ಬದಲು ಹಣ ಕಟ್ಟಿ, ಆ ಹೊಣೆಯಿಂದ ಬಿಡುಗಡೆ ಹೊಂದಿ ಎಂದು. ಒಂದು ಜಾಗಕ್ಕೆ 9,000 ಯೂರೊ ಎಂದಿದ್ದರೆ ಒಟ್ಟು 36,000.

ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಬೇಕಾದ ಪ್ರಶ್ನೆಗಳಿವು.

ಹಣ ಯಾವುದಕ್ಕೆಂದು ಒಪ್ಪಂದದಲ್ಲೇ ಬರೆದಿದೆಯೇ? ‘ಸಾರ್ವಜನಿಕ ಉದ್ದೇಶಗಳಿಗೆ’ ಎಂದರೆ ಸಾಲದು. ನಿಲುಗಡೆ ಸೌಲಭ್ಯಕ್ಕೆ, ಅಥವಾ ರಾಜ್ಯದ ಕಾನೂನು ಒಪ್ಪುವ ಕಡೆ ಸೈಕಲ್ ನಿಲ್ದಾಣಕ್ಕೆ, ಸಾರ್ವಜನಿಕ ಸಾರಿಗೆಗೆ ಎಂದು ಗೊತ್ತಾದ ಉದ್ದೇಶ ಬೇಕು.

ಆ ಉದ್ದೇಶ ಕಚೇರಿಯ ಸಾರ್ವಜನಿಕ ಕರ್ತವ್ಯಕ್ಕೆ ಸೇರಿದ್ದೇ? ಇಲ್ಲಿ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ.

ಮೊತ್ತ ಯುಕ್ತವೇ? 9,000 ಎಲ್ಲಿಂದ ಬಂತು ಕೇಳಿ. ಉಪವಿಧಿಯಲ್ಲಿ ದರ ಇದ್ದರೆ ತೆರೆದು ನೋಡಿ. ಮೊದಲು ಇದ್ದ ಬಟ್ಟೆ ಅಂಗಡಿಗೂ ಎರಡು ಜಾಗದ ಲೆಕ್ಕ ಇತ್ತು, ಅದನ್ನು ಕಳೆದಿಲ್ಲ ಎಂಬಂಥ ತಪ್ಪು ಇಲ್ಲಿಯೇ ಸಿಕ್ಕುತ್ತದೆ. ನಾಲ್ಕರಲ್ಲಿ ಎರಡು ಕಳೆದರೆ ಉಳಿಯುವುದು 18,000 ಯೂರೊ.

ಕಚೇರಿ ಕೊಡುವುದಕ್ಕೂ ನೀವು ಕೊಡುವುದಕ್ಕೂ ವಿಷಯದ ನಂಟು ಇದೆಯೇ? ಇದಕ್ಕೆ ‘ಕೊಪ್ಪೆಲುಂಗ್ಸ್‌ಫೆರ್‌ಬೋಟ್’ ಎನ್ನುತ್ತಾರೆ, ಗಂಟು ಹಾಕುವುದರ ನಿಷೇಧ. ಸಂಬಂಧವಿಲ್ಲದ ಎರಡನ್ನು ಸೇರಿಸಿ ಗಂಟು ಹಾಕುವಂತಿಲ್ಲ. ಕಾರು ನಿಲ್ಲಿಸುವ ಜಾಗದ ವಿನಾಯಿತಿಗೆ ಪ್ರತಿಯಾಗಿ ಊರಿನ ಈಜುಕೊಳದ ದುರಸ್ತಿಗೆ ಹಣ ಕೇಳಿದರೆ ಗಂಟು ಬಿದ್ದಂತೆ. ಕೇಂದ್ರ ಆಡಳಿತ ನ್ಯಾಯಾಲಯ 2000ದ ಮೇ 16ರಂದು ತೀರ್ಮಾನಿಸಿದ ಪ್ರಕರಣ ಇಲ್ಲಿ ನೆನಪಿಡಬೇಕಾದ್ದು. ಊರ ಹೊರವಲಯದ ಜಮೀನನ್ನು ವಸತಿ ನಿವೇಶನವಾಗಿಸುವಾಗ, ಕಾನೂನಿನಂತೆ ವಿಧಿಸಲು ಸಾಧ್ಯವಿಲ್ಲದೆ ಹೋದ ರಸ್ತೆ–ಚರಂಡಿ ಶುಲ್ಕದ ಬದಲಿಗೆ ಮಕ್ಕಳ ಆಟದ ಮೈದಾನಕ್ಕೆಂದು ಹಣ ಪಡೆದಿದ್ದರು. ಮಕ್ಕಳ ಮೈದಾನ ಎಂದರೆ ಯಾರಿಗೆ ಬೇಡ ಹೇಳಿ? ಆದರೂ ನಂಟು ಇಲ್ಲವೆಂದು ಒಪ್ಪಂದ ಶೂನ್ಯವಾಯಿತು.

ಕೊನೆಯ ಪ್ರಶ್ನೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಕಚೇರಿ ಕೊಡುತ್ತಿರುವುದು ನಿಮಗೆ ಹೇಗೂ ಹಕ್ಕಿನಿಂದ ಸಲ್ಲಬೇಕಾದ್ದೇ? ಎಲ್ಲ ನಿಯಮ ಪಾಲಿಸಿದವನಿಗೆ ಕಟ್ಟಡ ಪರವಾನಗಿ ಕೊಡಲೇಬೇಕು, ಅದು ದಯೆಯಲ್ಲ. ಹಕ್ಕಿರುವ ಕಡೆ, ಪರವಾನಗಿ ಆದೇಶಕ್ಕೆ 36ನೇ ಕಲಮಿನಡಿ ಷರತ್ತಾಗಿ ಲಗತ್ತಿಸಬಹುದಾದ್ದನ್ನು ಮಾತ್ರ ಒಪ್ಪಂದದಲ್ಲಿ ಕೇಳಬಹುದು. ಹೋಟೆಲಿನ ಉದಾಹರಣೆಯಲ್ಲಿ ನೀವು ನಿಲುಗಡೆಯ ನಿಯಮ ಪಾಲಿಸಲಾರಿರಿ, ಅದರ ಜಾಗಕ್ಕೆ ಹಣ ಬಂತು, ಸರಿ. ನಾಲ್ಕೂ ಜಾಗ ತೋರಿಸಿದ ಮೇಲೂ ‘ಒಂದಿಷ್ಟು ಕೊಡುಗೆ’ ಕೇಳಿದರೆ ಅದು ಪರವಾನಗಿಯ ಮಾರಾಟ.

ದೊಡ್ಡ ಬಡಾವಣೆಗಳಲ್ಲಿ ಇದೇ ಪ್ರಶ್ನೆಗಳು ಕಟ್ಟಡ ಸಂಹಿತೆಯ 11ನೇ ಕಲಮಿನ ‘ಶ್ಟೇಟೆಬೌಲಿಷರ್ ಫೆರ್‌ಟ್ರಾಗ್’, ಅಂದರೆ ನಗರಾಭಿವೃದ್ಧಿ ಒಪ್ಪಂದದ ರೂಪದಲ್ಲಿ ಬರುತ್ತವೆ. ಮ್ಯೂನಿಕ್ ನಗರ 1994ರಿಂದಲೂ ಹೊಸ ಯೋಜನೆಯಿಂದ ಲಾಭ ಪಡೆಯುವ ಭೂಮಾಲೀಕರು ವೆಚ್ಚದ ಪಾಲು ಹೊರಬೇಕು, ಒಂದು ಭಾಗದಲ್ಲಿ ಕೈಗೆಟಕುವ ಬಾಡಿಗೆಯ ಮನೆ ಕಟ್ಟಬೇಕು ಎಂಬ ಪದ್ಧತಿ ನಡೆಸಿಕೊಂಡು ಬಂದಿದೆ. ಶಿಶುವಿಹಾರದ ವೆಚ್ಚ ಕೇಳಿದರೆ, ನಿಮ್ಮ ಬಡಾವಣೆಯಿಂದಲೇ ಹುಟ್ಟುವ ಅಗತ್ಯ ಎಷ್ಟು, ಮೊದಲೇ ಇದ್ದ ಕೊರತೆ ಎಷ್ಟು ಎಂಬ ಲೆಕ್ಕದ ಹಾಳೆ ಕೇಳಿ. ಹಳೆಯ ಕೊರತೆಯನ್ನು ಹೊಸ ಮನೆಗಳ ತಲೆಗೆ ಕಟ್ಟುವಂತಿಲ್ಲ.

5. ರೂಪ ಮತ್ತು ಸಹಿ

ಒಪ್ಪಂದ ಬರಹದಲ್ಲೇ ಇರಬೇಕು (57ನೇ ಕಲಂ). ಛಾಪಾ ಕಾಗದ ಎಲ್ಲಿ ಸಿಗುತ್ತದೆ ಎಂದು ಹುಡುಕಬೇಡಿ, ಜರ್ಮನಿಯಲ್ಲಿ ಅದು ಬೇಡ. ಇಬ್ಬರ ಸಹಿಯೂ ಒಂದೇ ದಾಖಲೆಯ ಮೇಲಿರುವುದು ಸುರಕ್ಷಿತ. ಇ–ಮೇಲಿನಲ್ಲಿ ‘ಒಪ್ಪಿದೆ’ ಎಂದು ಬರೆದದ್ದು ನಡೆಯುವುದಿಲ್ಲ. ವಿದ್ಯುನ್ಮಾನ ರೂಪದಲ್ಲಿ ಮಾಡುವುದಾದರೆ ‘ಅರ್ಹ ವಿದ್ಯುನ್ಮಾನ ಸಹಿ’, ಅಂದರೆ ಮಾನ್ಯತೆ ಪಡೆದ ಸಂಸ್ಥೆ ನಿಮ್ಮ ಗುರುತು ಖಚಿತಪಡಿಸಿಕೊಂಡು ಒದಗಿಸುವ ಡಿಜಿಟಲ್ ಸಹಿ ಬೇಕು. ದೂರವಾಣಿಯಲ್ಲಿ ಅಧಿಕಾರಿ ಕೊಟ್ಟ ಮಾತು ಒಪ್ಪಂದದೊಳಗೆ ಇಲ್ಲದಿದ್ದರೆ ಇಲ್ಲವೆಂದೇ ತಿಳಿಯಿರಿ.

ಜಮೀನಿನ ಒಂದು ಪಟ್ಟಿಯನ್ನು ರಸ್ತೆಗೆ ಬಿಟ್ಟುಕೊಡುವ ಷರತ್ತು ಒಳಗೆಲ್ಲೋ ಇದ್ದರೆ ನೋಟರಿಯ ಮುಂದೆ ಆಗಬೇಕು. ಇಲ್ಲಿಯ ನೋಟರಿ ನಮ್ಮೂರ ನ್ಯಾಯಾಲಯದ ಮುಂದಿನ ಮೇಜಿನವರ ಹಾಗೆ ಮುದ್ರೆ ಒತ್ತಿ ಮುಗಿಸುವವರಲ್ಲ, ಇಡೀ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಊರಿನ ಪರವಾಗಿ ಸಹಿ ಹಾಕುವವರಿಗೆ ಅಧಿಕಾರ ಇದೆಯೇ ಎಂಬುದನ್ನೂ ಕೇಳಿ. ಹಣಕಾಸಿನ ಹೊಣೆ ಹೊರುವ ದಾಖಲೆಗೆ ಮೇಯರ್ ಸಹಿ, ಕೆಲವೊಮ್ಮೆ ಪರಿಷತ್ತಿನ ನಿರ್ಣಯ ಬೇಕಾಗುತ್ತದೆ.

6. ಮೂರನೆಯವರ ಒಪ್ಪಿಗೆ

ಒಪ್ಪಂದ ನೆರೆಯವರ ಹಕ್ಕಿಗೆ ಕೈ ಹಾಕಿದರೆ, ಅವರು ಬರಹದಲ್ಲಿ ಒಪ್ಪುವವರೆಗೆ ಅದು ತ್ರಿಶಂಕು (58ನೇ ಕಲಂ). ಗಡಿಯಿಂದ ಬಿಡಬೇಕಾದ ಅಂತರ ಕಡಿಮೆ ಮಾಡುವ ಒಪ್ಪಂದ ಸಾಮಾನ್ಯ ಉದಾಹರಣೆ. ಬೇಲಿಯ ಆಚೆಯಿಂದ ತಲೆಯಾಡಿಸಿದ್ದು ಸಾಲದು, ಸಹಿ ತೆಗೆದುಕೊಳ್ಳಿ. ಆ ಮನೆ ಇಬ್ಬರ ಹೆಸರಿನಲ್ಲಿದ್ದರೆ ಎರಡು ಸಹಿ.

7. ‘ತಕ್ಷಣದ ಜಾರಿ’ಯ ಸಾಲನ್ನು ಹುಡುಕಿ

ಕೊನೆಯ ಪುಟದ ಹಿಂದಿನ ಪುಟದಲ್ಲಿ ಈ ಸಾಲು ಅಡಗಿರುತ್ತದೆ: ‘ಉಂಟರ್‌ವೆರ್ಫುಂಗ್ ಉಂಟರ್ ಡೀ ಝೋಫೋರ್ಟಿಗೆ ಫೋಲ್‌ಶ್ಟ್ರೆಕ್ಕುಂಗ್’. ತಕ್ಷಣದ ಜಾರಿಗೆ ಒಳಪಡುತ್ತೇನೆ ಎಂಬ ಒಪ್ಪಿಗೆ ಅದು (61ನೇ ಕಲಂ).

ಇದರ ಬೆಲೆ ಅರ್ಥವಾಗಬೇಕಾದರೆ ಇದಿಲ್ಲದಾಗ ಏನಾಗುತ್ತದೆ ನೋಡಿ. ನೀವು 36,000 ಕಟ್ಟಲಿಲ್ಲ ಎಂದುಕೊಳ್ಳಿ. ಒಪ್ಪಂದದ ದಾರಿ ಹಿಡಿದ ಕಚೇರಿ ಸಾಮಾನ್ಯವಾಗಿ ಮತ್ತೆ ಆದೇಶ ಹೊರಡಿಸಿ ವಸೂಲು ಮಾಡುವಂತಿಲ್ಲ. ನಿಮ್ಮಂತೆ ಅದೂ ಆಡಳಿತ ನ್ಯಾಯಾಲಯಕ್ಕೆ ಹೋಗಿ ದಾವೆ ಹೂಡಬೇಕು, ಅಲ್ಲಿ ನಿಮ್ಮ ವಾದಕ್ಕೂ ಜಾಗ ಇರುತ್ತದೆ. ಈ ಒಂದು ಸಾಲಿಗೆ ಸಹಿ ಹಾಕಿದರೆ ಆ ಮೆಟ್ಟಿಲು ಮಾಯ, ಒಪ್ಪಂದವೇ ಜಾರಿಯ ಹುಕುಂ.

ಕೆಲವರು ಇದನ್ನು ಕಂಡೊಡನೆ ಸಹಿ ನಿರಾಕರಿಸುತ್ತಾರೆ. ಅಷ್ಟು ಬೇಡ. ಗೊತ್ತಾದ ಮೊತ್ತಕ್ಕೆ, ಗೊತ್ತಾದ ದಿನಾಂಕಕ್ಕೆ ಮಾತ್ರ ಸೀಮಿತಗೊಳಿಸಿ ಎಂದು ಕೇಳಿ. ಒಳಪಡುವ ಅವಕಾಶ ಎರಡೂ ಪಕ್ಷಕ್ಕಿದೆ, ಹಾಗಾಗಿ ಮರುಪಾವತಿಯ ವಿಷಯದಲ್ಲಿ ಕಚೇರಿಯೂ ಒಳಪಡಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆಗ ಕಚೇರಿಯ ಮುಖ್ಯಸ್ಥರೋ, ಅವರ ಖಾಯಂ ಪ್ರತಿನಿಧಿಯೋ, ನ್ಯಾಯಾಧೀಶರಾಗುವ ಅರ್ಹತೆಯುಳ್ಳ ಅಧಿಕಾರಿಯೋ ಸಹಿ ಹಾಕಬೇಕು. ‘ಫೆರ್‌ಟ್ರಾಗ್ಸ್‌ಶ್ಟ್ರಾಫೆ’ ಎಂಬ ಪದ ಕಂಡರೆ ಅದು ಒಪ್ಪಂದದಂತೆ ನಡೆಯದಿದ್ದುದಕ್ಕೆ ಅಥವಾ ತಡ ಮಾಡಿದ್ದಕ್ಕೆ ದಂಡ. ಅದಕ್ಕೊಂದು ಮೇಲ್ಮಿತಿ ಹಾಕಿಸಿ.

ಇದೇ ಹಂತದಲ್ಲಿ, ಕರಡಿನಲ್ಲಿ ಇಲ್ಲದ ಒಂದು ಷರತ್ತನ್ನು ಸೇರಿಸಲು ಕೇಳಿ: ಪರವಾನಗಿ ಸಿಗದಿದ್ದರೆ, ಅಥವಾ ಸಿಕ್ಕರೂ ಬಳಸದೆ ಬಿಟ್ಟರೆ ಹಣ ಎಷ್ಟು ದಿನದಲ್ಲಿ ಹಿಂದಕ್ಕೆ? ಹೋಟೆಲ್ ತೆರೆಯುವ ಮೊದಲೇ ಪಾಲುದಾರ ಕೈಬಿಟ್ಟವರಿಗೆ ಈ ಸಾಲಿನ ಬೆಲೆ ಗೊತ್ತು. ಜಾಲದಲ್ಲಿ ಕೊಂಡ ಅಂಗಿಯ ಹಾಗೆ ಹದಿನಾಲ್ಕು ದಿನದಲ್ಲಿ ವಾಪಸ್ ಮಾಡಬಹುದೆಂದು ಎಣಿಸಬೇಡಿ. ಹಿಂದೆ ಸರಿಯುವ ಅವಕಾಶ ಬೇಕಿದ್ದರೆ ಅದನ್ನೂ ಬರೆಸಿಕೊಳ್ಳಬೇಕು.

8. ಸಹಿಯ ನಂತರ ಎಡವಟ್ಟಾದರೆ

ಪರಿಸ್ಥಿತಿ ಬುಡಸಮೇತ ಬದಲಾಗಿ, ಮೂಲ ಒಪ್ಪಂದಕ್ಕೆ ಅಂಟಿಕೊಳ್ಳೆನ್ನುವುದು ಅನ್ಯಾಯವಾಗುವಂತಿದ್ದರೆ ತಿದ್ದುಪಡಿ ಕೇಳಬಹುದು, ಅದೂ ಆಗದಿದ್ದರೆ ರದ್ದು ಮಾಡಬಹುದು (60ನೇ ಕಲಂ). ವ್ಯಾಪಾರ ಕೈಹತ್ತಲಿಲ್ಲ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ, ಅದು ನಿಮ್ಮ ನಷ್ಟ. ಸಾರ್ವಜನಿಕ ಹಿತಕ್ಕೆ ಗಂಭೀರ ಹಾನಿ ತಪ್ಪಿಸಲು ರದ್ದು ಮಾಡುವ ಅಧಿಕಾರ ಮಾತ್ರ ಕಚೇರಿಗಷ್ಟೇ ಇದೆ. ಯಾರು ರದ್ದು ಮಾಡಿದರೂ ಬರಹದಲ್ಲಿ, ಕಾರಣ ಸಹಿತ.

ಒಪ್ಪಂದವೇ ಶೂನ್ಯ ಎಂದು ವಾದಿಸಬೇಕಾದರೆ 59ನೇ ಕಲಮಿಗೆ ಹೋಗಬೇಕು. ಜರ್ಮನ್ ಪದ ‘ನಿಷ್ಟಿಷ್’. ದಾರಿಗಳು ಇಷ್ಟು: ನಾಗರಿಕ ಸಂಹಿತೆಯ ಪ್ರಕಾರ ಶೂನ್ಯವಾಗುವುದು, ಉದಾಹರಣೆಗೆ ನೋಟರಿ ಬೇಕಿದ್ದಲ್ಲಿ ನೋಟರಿ ಇಲ್ಲದಿರುವುದು, ಇದೇ ವಿಷಯದ ಆದೇಶ ಹೊರಟಿದ್ದರೆ ಅದು ಶೂನ್ಯವಾಗುತ್ತಿದ್ದುದು, ಅಂಥ ಆದೇಶ ಬರಿಯ ವಿಧಾನದ ಲೋಪದಿಂದಲ್ಲದೆ ಕಾನೂನುಬಾಹಿರವಾಗುತ್ತಿತ್ತು ಎಂಬುದು ಸಹಿ ಹಾಕಿದ ಇಬ್ಬರಿಗೂ ಗೊತ್ತಿದ್ದುದು, ರಾಜಿಗೆ ಬೇಕಾದ ಅನಿಶ್ಚಿತತೆಯೇ ಇಲ್ಲದೆ ರಾಜಿ ಮಾಡಿಕೊಂಡು, ಅದೇ ವಿಷಯದ ಆದೇಶವೂ ಕಾನೂನುಬಾಹಿರವಾಗುವಂತಿದ್ದುದು, ನಾಲ್ಕನೇ ಹಂತದ ಪರೀಕ್ಷೆಯಲ್ಲಿ ಬಿದ್ದ ಪ್ರತಿಫಲ. ನಾಗರಿಕರ ಕೈಗೆ ನಿಜವಾಗಿ ಒದಗುವ ಅಸ್ತ್ರ ಈ ಕೊನೆಯದು. ಪೆನ್ಸಿಲಿನ ಟಿಪ್ಪಣಿಗಳನ್ನು ಅಳಿಸಬೇಡಿ ಎನ್ನುವುದು ಅದಕ್ಕೇ. ಕಚೇರಿ ನಿಮ್ಮನ್ನು ವಂಚಿಸಿ ಸಹಿ ಹಾಕಿಸಿಕೊಂಡಿದ್ದರೆ, ವಂಚನೆ ತಿಳಿದ ಒಂದು ವರ್ಷದೊಳಗೆ ನಾಗರಿಕ ಸಂಹಿತೆಯಂತೆ ಒಪ್ಪಂದವನ್ನು ಅಲ್ಲಗಳೆಯಬಹುದು.

ಶೂನ್ಯವಾದರೆ ಕೊಟ್ಟ ಹಣ ಹಿಂದಕ್ಕೆ ಕೇಳಬಹುದು. ಅದಕ್ಕೆ ‘ಎರ್‌ಶ್ಟಾಟುಂಗ್ಸ್‌ಆನ್‌ಶ್ಪ್ರುಖ್’, ಮರುಪಾವತಿಯ ಹಕ್ಕು ಎನ್ನುತ್ತಾರೆ. ‘ನಿಮ್ಮ ಕೆಲಸ ಆಗಿಹೋಗಿದೆ, ನಿವೇಶನವನ್ನು ಮತ್ತೆ ಗದ್ದೆ ಮಾಡಲಾದೀತೇ, ಈಗ ಹಣ ಕೇಳುವುದು ನ್ಯಾಯವೇ’ ಎಂಬ ಉತ್ತರ ಬಂದೇ ಬರುತ್ತದೆ. ಆಟದ ಮೈದಾನದ ಪ್ರಕರಣದಲ್ಲಿ ನ್ಯಾಯಾಲಯ, ಊರಿನ ಕಡೆಯದನ್ನು ಹಿಂದಿರುಗಿಸಲಾಗದು ಎಂಬ ಒಂದೇ ಕಾರಣಕ್ಕೆ ಮರುಪಾವತಿ ಕೇಳುವುದು ಸದ್ಭಾವನೆಗೆ ವಿರುದ್ಧವಾಗದು ಎಂದಿತ್ತು.

ಕಚೇರಿಗೆ ಮೊದಲು ಪತ್ರ ಬರೆಯಿರಿ: ಯಾವ ಷರತ್ತು, ಯಾವ ಕಲಂ, ಎಷ್ಟು ಹಣ, ಯಾವ ದಿನಾಂಕದೊಳಗೆ. ಬಗ್ಗದಿದ್ದರೆ ಆಡಳಿತ ನ್ಯಾಯಾಲಯ, ‘ಫೆರ್‌ವಾಲ್ಟುಂಗ್ಸ್‌ಗೆರಿಷ್ಟ್’. ಒಪ್ಪಂದ ಮುರಿದದ್ದಕ್ಕೆ ನಷ್ಟ ಪರಿಹಾರ ಕೇಳುವುದಾದರೂ ಅಲ್ಲಿಯೇ, ಸಿವಿಲ್ ನ್ಯಾಯಾಲಯದಲ್ಲಲ್ಲ. ಮೊದಲ ಹಂತದಲ್ಲಿ ವಕೀಲರು ಕಡ್ಡಾಯವಿಲ್ಲ, ನೀವೇ ದಾವೆ ಸಲ್ಲಿಸಬಹುದು. ಅಲ್ಲಿ ಸೋತು ಮೇಲಿನ ಆಡಳಿತ ನ್ಯಾಯಾಲಯಕ್ಕೆ ಹೋಗುವುದಾದರೆ ವಕೀಲರಿಲ್ಲದೆ ಆಗದು.